ಕ್ಯಾರವಾನ್ ಎಳೆಯೋ ತೂಕದ ಲೆಕ್ಕ ಸಿಕ್ತಿಲ್ಲ, ಸಹಾಯ ಬೇಕು

ಎಲ್ರಿಗೂ ನಮಸ್ಕಾರ. ಮೆಲ್ಬರ್ನ್‌ನಲ್ಲಿದ್ದೀವಿ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಮಕ್ಕಳೂ ಸೇರಿ ಆರು ಜನ ಈಸ್ಟರ್ ರಜೆಗೆ ಗ್ರೇಟ್ ಓಷನ್ ರೋಡ್ ಕಡೆ ಹೊರಟಿದ್ದೀವಿ. ಸೆಕೆಂಡ್ ಹ್ಯಾಂಡ್ ಕ್ಯಾರವಾನ್ (ಕಾರಿನ ಹಿಂದೆ ಕಟ್ಟಿ ಎಳೆಯೋ ಗಾಲಿ ಮನೆ) ತಗೊಂಡಿದ್ದೀನಿ. ಬ್ರೇಕ್ ಇದೆ, ಸಾಮಾನು ತುಂಬಿದ್ರೆ 1850 ಕೆಜಿ. ನಮ್ಮ ಕಾರು 2000 ಕೆಜಿ ಎಳೀಬಹುದು ಅಂತ ಮ್ಯಾನುಯಲ್‌ನಲ್ಲಿದೆ. ಮಾರಿದವರು "ಅಷ್ಟಿದ್ರೆ ಸಾಕು, ಏನೂ ಯೋಚನೆ ಮಾಡ್ಬೇಡಿ" ಅಂದ್ರು.

ನಂಗೆ ಸಮಾಧಾನ ಆಗ್ಲಿಲ್ಲ, ವೇಬ್ರಿಡ್ಜ್‌ಗೆ ಹೋಗಿ ತೂಕ ಹಾಕಿಸ್ದೆ. ಜನ, ಸಾಮಾನು ಸೇರಿ ಕಾರು ಒಂದೇ 2440 ಕೆಜಿ. ಕ್ಯಾರವಾನ್ ಮೂತಿ ಟೋ ಬಾಲ್ (ಅದನ್ನ ಸಿಕ್ಕಿಸೋಕೆ ಕಾರಿನ ಹಿಂದಿರೋ ಗುಂಡು) ಮೇಲೆ ಕೂರಿಸೋ ಭಾರ 185 ಕೆಜಿ (ಮಿತಿ 200). ಈ 185 ಕಾರಿನ ಮೇಲೇ ಬೀಳೋದ್ರಿಂದ 2625 ಆಯ್ತು. ಜನ, ಸಾಮಾನು ಎಲ್ಲಾ ಸೇರಿ ಕಾರಿನ ಮಿತಿ 2600! ಎಳೆಯೋ ತೂಕ ಮಾತ್ರ ನೋಡಿದ್ರೆ ಇದು ಗೊತ್ತೇ ಆಗ್ತಿರ್ಲಿಲ್ಲ.

ಸಿಕ್ಕಿಹಾಕಿಕೊಂಡಿರೋದು ಇಲ್ಲಿ. ಕಾರು, ಕ್ಯಾರವಾನ್ ಎರಡೂ ಸೇರಿದ ಮಿತಿ, ಅಂದ್ರೆ ಜಿಸಿಎಂ, 4350. 2625ಕ್ಕೆ ಪೂರ್ತಿ 1850 ಕೂಡಿಸಿದ್ರೆ 4475, ದಾಟ್ತು. ಆದ್ರೆ ಆಗ ಆ 185 ಎರಡು ಸಲ ಲೆಕ್ಕಕ್ಕೆ ಬಂತಲ್ಲ? ಕ್ಯಾರವಾನ್ ಚಕ್ರದ ಮೇಲಿರೋ 1665 ಮಾತ್ರ ಕೂಡಿಸಿದ್ರೆ 4290, ಒಳಗೇ ಇದೆ.

ಕಾರಲ್ಲಿ ಮಕ್ಕಳು, ವಯಸ್ಸಾದವರು ಇರ್ತಾರೆ, ಅಂದಾಜಿನ ಮೇಲೆ ಹೊರಡೋಕೆ ಮನಸ್ಸಿಲ್ಲ. ಕ್ಯಾರವಾನ್ ಎಳೆದು ಅನುಭವ ಇರೋರು ದಯವಿಟ್ಟು ಹೇಳಿ: ಇವೆರಡರಲ್ಲಿ ಯಾವ ಲೆಕ್ಕ ಸರಿ? ಹೆಚ್ಚಾಗಿರೋ 25 ಕೆಜಿಗೆ ಕಾರಿನ ಸಾಮಾನನ್ನೇ ಇಳಿಸ್ಬೇಕಾ, ಇಲ್ಲಾ ಕ್ಯಾರವಾನ್ ಮುಂದಿನ ಭಾರ ಸ್ವಲ್ಪ ಹಿಂದಕ್ಕೆ ಸರಿಸಿದ್ರೂ ನಡೆಯುತ್ತಾ? ಹಿಂದೆ ಭಾರವಾದ್ರೆ ಓಲಾಡುತ್ತೆ ಅಂತಾರೆ, ಅದೇ ಭಯ.