ಸ್ಟಾರ್ ಸ್ಯಾನ್ ಹಾಕಿದರೂ ಅನಾನಸ್ ವೈನ್ ಹುಳಿಯಾಗ್ತಿದೆ, ಬಕೆಟ್ ಎಸೆಯಬೇಕಾ?

ಕಾಳಿದಂಡೆ, ಕಾರವಾರ
ಕೆಳಗೆ ನಲ್ಲಿ ಇರುವ 20 ಲೀಟರಿನ ಬಿಳಿ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಬಕೆಟ್. ಬನವಾಸಿ ಅನಾನಸ್ಸಿನ ವೈನ್. ಸತತ ಎರಡು ಸಲ ಹತ್ತನೇ ದಿನದ ಹೊತ್ತಿಗೆ ಮೇಲೆ ತೆಳು ಬಿಳಿ ಪೊರೆ, ಮೂಗಿಗೆ ವಿನೆಗರ್ ವಾಸನೆ. ತೊಳೆಯುವುದು ಹೀಗೆ: ಪಾತ್ರೆ ಸೋಪು, ತೆಂಗಿನ ನಾರು, ಬಿಸಿನೀರು. ಆಮೇಲೆ 5 ಲೀಟರ್ ಬಾವಿ ನೀರಿಗೆ 7.5 ಮಿ.ಲೀ. ಸ್ಟಾರ್ ಸ್ಯಾನ್ (ಸೂಕ್ಷ್ಮಾಣು ಕೊಲ್ಲುವ ಆಮ್ಲೀಯ ಸ್ಯಾನಿಟೈಜರ್) ಹಾಕಿ ಕುಲುಕುವುದು. ಹಾಕಿದ ಕೂಡಲೇ ನೀರು ಮಜ್ಜಿಗೆ ಥರ ಆಗ್ತದೆ. ನಲ್ಲಿಯನ್ನು ಬಿಚ್ಚಿಲ್ಲ. ತಪ್ಪು ಎಲ್ಲಿ?

ಹಂಡೆನೀರು, ಶಿರಸಿ
ಮೂರು ಕಡೆ ಇದೆ. ದೊಡ್ಡದು ನಲ್ಲಿ.

ಬಕೆಟಿನ ಒಳಗಿನ ನಟ್ ತೆಗೆದು ನಲ್ಲಿ ಹೊರಗೆಳೆಯಿರಿ. 50 ಡಿಗ್ರಿ ನೀರಿನಲ್ಲಿ ಹತ್ತು ನಿಮಿಷ ಬಿಟ್ಟರೆ ಪ್ಲಾಸ್ಟಿಕ್ ಸ್ವಲ್ಪ ಸಡಿಲ ಆಗ್ತದೆ. ಬಿಚ್ಚಬಹುದಾದ ಮಾದರಿಯಾದರೆ ತಿರುಗುವ ಒಳತುಂಡನ್ನು ಹೆಬ್ಬೆರಳಿನಿಂದ ಕೆಳಗಿನಿಂದ ಒತ್ತಿದಾಗ ಟಪ್ಪಂತ ಈಚೆ ಬರ್ತದೆ. ಅದರ ಸುತ್ತ ಬೆರಳು ಆಡಿಸಿ: ಕಂದು ಬಣ್ಣದ ಲೋಳೆ ಸಿಕ್ಕರೆ ಅದೇ ನಿಮ್ಮ ವಿನೆಗರ್. ವಾಷರಿನ ಅಡಿಯಲ್ಲೂ ನೋಡಿ. ತೊಳೆದ ಮೇಲೂ ವಾಷರ್ ಮೂಸಿದಾಗ ಹುಳಿ ಹೊಡೆದರೆ ಹೊಸದು ಹಾಕಿ.

ಎರಡನೆಯದು, ಸ್ಯಾನಿಟೈಜರ್ ಕೊಳೆ ತೆಗೆಯುವುದಿಲ್ಲ. ನೊರೆ ಏರಿ ಒಣಗಿದ ಉಂಗುರ ವೈನಿನ ಮಟ್ಟಕ್ಕಿಂತ ಮೇಲಿರ್ತದೆ, ಅದರ ಒಳಗೆ ಕೂತ ಸೂಕ್ಷ್ಮಾಣುವಿಗೆ ಸ್ಟಾರ್ ಸ್ಯಾನ್ ಮುಟ್ಟುವುದೇ ಇಲ್ಲ. ಸೋಡಿಯಂ ಪರ್ಕಾರ್ಬೊನೇಟ್ (ಕೊಳೆ ಬಿಡಿಸುವ ಪುಡಿ) ಲೀಟರಿಗೆ 5 ಗ್ರಾಂ, ಅಂದರೆ 20 ಲೀಟರಿಗೆ 100 ಗ್ರಾಂ, 50 ಡಿಗ್ರಿ ನೀರಲ್ಲಿ ಕರಗಿಸಿ ಬಾಯಿವರೆಗೂ ತುಂಬಿಸಿ ರಾತ್ರಿಯಿಡೀ ಬಿಡಿ. ಕೈಗೆ ಗ್ಲೌಸ್ ಇರಲಿ. ಮುಚ್ಚಳ ಬಿಗಿಯಬೇಡಿ, ಆಮ್ಲಜನಕ ಬಿಡ್ತದೆ. ಬೆಳಿಗ್ಗೆ ಉಂಗುರ ಮೆತ್ತನೆಯ ಬಟ್ಟೆಗೇ ಬರ್ತದೆ. ಗಡಸು ನೀರಾದರೆ ಬಿಳಿ ಪುಡಿ ಅಂಟಿಕೊಳ್ಳಬಹುದು, ಲೀಟರಿಗೆ 10 ಗ್ರಾಂ ಸಿಟ್ರಿಕ್ ಆಸಿಡ್ ಹಾಕಿದ ನೀರಲ್ಲಿ ಒರೆಸಿದರೆ ಹೋಗ್ತದೆ.

ಮೂರನೆಯದು ಮಜ್ಜಿಗೆ. ನೀರಿನ ಕ್ಯಾಲ್ಸಿಯಂ ಸ್ಟಾರ್ ಸ್ಯಾನಿನ ನೊರೆ ಬರಿಸುವ ಅಂಶವನ್ನು ಹಿಡಿದುಕೊಳ್ತದೆ. ಪಿಎಚ್ ಪಟ್ಟಿಯಲ್ಲಿ 3ಕ್ಕಿಂತ ಮೇಲಿದ್ದರೆ ಚೆಲ್ಲಿಬಿಡಿ. ಆರ್‌ಒ ನೀರಲ್ಲಿ ಕಲಸಿ. ಮಳೆಗಾಲದಲ್ಲಿ ಸೂರಿನ ಮೊದಲ ಮಳೆ ಹೋಗಲು ಬಿಟ್ಟು ಹಿಡಿದ ನೀರೂ ನಡೀತದೆ.

ಗಾಜಿನಬುಡ್ಡಿ, ಕುಮಟಾ
ಇಷ್ಟೆಲ್ಲ ಯಾಕೆ, ಕುದಿಯುವ ನೀರು ಹೊಯ್ದರೆ ಆಯ್ತಲ್ಲ? ಇಲ್ಲವಾದ್ರೆ ಬ್ಲೀಚು.

ಹಂಡೆನೀರು, ಶಿರಸಿ
ದಪ್ಪ ಗಾಜಿನ ಬುಡ್ಡಿಗೆ ಕುದಿನೀರು ಹೊಯ್ದರೆ ತಳವೇ ಬಿಟ್ಟುಹೋದೀತು. ಪಿಇಟಿ ಬಾಟಲಿ ಸೊಟ್ಟಗಾಗ್ತದೆ. ಎಚ್‌ಡಿಪಿಇ ತಡೆದುಕೊಂಡರೂ ನಲ್ಲಿ ತಿರುಚಿಕೊಂಡು ಸೋರಲಿಕ್ಕೆ ಶುರು. ಬ್ಲೀಚು ಕೆಲಸ ಮಾಡ್ತದೆ: 5 ಶೇಕಡಾದ್ದು ಲೀಟರಿಗೆ 4 ಮಿ.ಲೀ., 20 ನಿಮಿಷ, ನಂತರ ವಾಸನೆ ಹೋಗುವವರೆಗೂ ಕುದಿಸಿ ಆರಿಸಿದ ನೀರು. ಉಳಿದರೆ ವೈನಿಗೆ ಆಸ್ಪತ್ರೆ ಬ್ಯಾಂಡೇಜಿನ ವಾಸನೆ ಬರ್ತದೆ. ವಿನೆಗರ್, ಸಿಟ್ರಿಕ್ ಅಥವಾ ಸ್ಟಾರ್ ಸ್ಯಾನ್ ಜೊತೆ ಬ್ಲೀಚು ಸೇರಿಸಲೇಬೇಡಿ, ಕ್ಲೋರಿನ್ ಅನಿಲ ಏಳ್ತದೆ. ಸ್ಟೀಲ್ ಪಾತ್ರೆಗೂ ಬೇಡ, ಚುಕ್ಕೆ ಚುಕ್ಕೆ ತೂತು ಕೊರೀತದೆ. ನನ್ನ ಮಟ್ಟಿಗೆ ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಅಂತೂ ಬೇಡವೇ ಬೇಡ.

ಮುರುಗಲುಸಿಪ್ಪೆ, ಸಿದ್ದಾಪುರ
ಸ್ಟಾರ್ ಸ್ಯಾನ್ ಸಿಗದವರಿಗೆ: ಮುರುಗಲು ಸಿರಪ್ ಮಾಡುವವರ ಹತ್ತಿರ ಇರುವ ಕೆಎಂಎಸ್ (ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಪುಡಿ). ಲೀಟರಿಗೆ 10 ಗ್ರಾಂ, ಜೊತೆಗೆ 5 ಗ್ರಾಂ ಸಿಟ್ರಿಕ್, 10 ನಿಮಿಷ ತೇವವಾಗಿಡಿ. ಕಿಟಕಿ ತೆರೆದೇ ಇರಲಿ, ಅಸ್ತಮಾ ಇದ್ದವರು ಹತ್ತಿರ ಹೋಗಬೇಡಿ.

ಮತ್ತೆ ನಾರು ಯಾಕೆ ಉಜ್ಜಿದ್ರಿ ಮಾರಾಯ್ರೆ? ಟಾರ್ಚ್ ಓರೆಯಾಗಿ ಹಿಡಿದು ಒಳಗೋಡೆ ನೋಡಿ. ಗೀರಿನಲ್ಲಿ ಉಗುರು ಸಿಕ್ಕಿಕೊಂಡರೆ ಆ ಬಕೆಟ್ ಅಕ್ಕಿ ತುಂಬಲಿಕ್ಕೆ ಇಟ್ಟುಕೊಳ್ಳಿ. ಉಗುರು ಜಾರಿದರೆ ಉಳಿಸಬಹುದು.

ಇನ್ನೊಂದು: ರುಚಿ ನೋಡಲು ನಲ್ಲಿ ಬಿಟ್ಟ ಮೇಲೆ ಮೂತಿಯಲ್ಲಿ ಉಳಿದ ಹನಿಗೆ ಹಣ್ಣಿನ ನೊಣ ಕೂರ್ತದೆ, ಅದರ ಕಾಲಲ್ಲೇ ವಿನೆಗರ್ ಬ್ಯಾಕ್ಟೀರಿಯಾ. ಬಿಡುವ ಮುಂಚೆ, ಬಿಟ್ಟ ಮೇಲೆ, ಎರಡೂ ಸಲ ಮೂತಿಗೆ ಸ್ಯಾನಿಟೈಜರ್ ಸ್ಪ್ರೇ. ದಿನಾ ಮುಚ್ಚಳ ತೆಗೆದು ನೋಡುವ ಚಟವಿದ್ದರೆ ಬಿಡಿ. ಆ ಪೊರೆಗೆ ಗಾಳಿ ಬೇಕು.

ಕಾಳಿದಂಡೆ, ಕಾರವಾರ
ಉಗುರು ಜಾರಿತು. ನಲ್ಲಿಯ ಒಳತುಂಡಿನ ಸುತ್ತ ಲೋಳೆ ಇತ್ತು, ವಾಷರಿಗೂ ಹುಳಿ ವಾಸನೆ. ಜೋಡಿಸುವಾಗ ನಟ್ ಎಷ್ಟು ಬಿಗಿ?

ಹಂಡೆನೀರು, ಶಿರಸಿ
ಕೈಯಿಂದ ಬಿಗಿದು ಮೇಲೆ ಕಾಲು ಸುತ್ತು, ಪಕ್ಕಡ್ ಬೇಡ, ವಾಷರ್ ಹಿಂಡಿಹೋಗ್ತದೆ. ನೀರು ತುಂಬಿ ಒಣ ಪೇಪರ್ ಮೇಲೆ ಒಂದು ತಾಸು ಇಡಿ, ಪೇಪರ್ ಒದ್ದೆಯಾಗಬಾರದು. ಸ್ಟಾರ್ ಸ್ಯಾನನ್ನು ನಲ್ಲಿಯ ಮೂಲಕವೇ ಹೊರಗೆ ಬಿಡಿ. ಮುಗಿದ ಮೇಲೆ ಬಕೆಟ್, ನಲ್ಲಿ, ಮುಚ್ಚಳ ಬೇರೆಬೇರೆಯಾಗಿಯೇ ಒಣಗಲಿ. ಆಷಾಢದಲ್ಲಿ ಮುಚ್ಚಿಟ್ಟರೆ ವಾರದಲ್ಲಿ ಬೂಸ್ಟು.