ಮಗ ಮುಟ್ಟದಿದ್ದರೂ ಟ್ಯಾಬ್ 'ಸಾಕು ಸಾಕು' ಅನ್ನುತ್ತೆ, ಗೊತ್ತಿರೋರು ದಯವಿಟ್ಟು ಹೇಳಿ

ಹಾಸನದಮ್ಮ
ಮಗನಿಗೆ ಆರು ವರ್ಷ, ಆಟಿಸಂ, ಮಾತು ಬಂದಿಲ್ಲ. ಚಿತ್ರ ಒತ್ತಿದರೆ ಕನ್ನಡದಲ್ಲಿ ಮಾತಾಡೋ ಆ್ಯಪ್ ಹಾಕಿಕೊಟ್ಟು ನಾಲ್ಕು ತಿಂಗಳಾಯ್ತು. ಚೆನ್ನಾಗೇ ಕಲಿತಿದ್ದ. ಎರಡು ವಾರದಿಂದ 'ನೀರು' ಒತ್ತಿದರೆ ಬೇರೆ ಏನೋ ಕೂಗುತ್ತೆ. ಒಮ್ಮೊಮ್ಮೆ ಅವನು ಕೈ ಇಡೋ ಮೊದಲೇ ಮೂರ್ನಾಲ್ಕು ಚಿತ್ರ ತಾವೇ ಕೂಗಿಕೊಳ್ತವೆ. ನಿನ್ನೆ ರಾತ್ರಿ 'ಅನ್ನ' ಒತ್ತಿದ, ಟ್ಯಾಬ್ 'ಸಾಕು' ಅಂತು, ನಾನು ತಟ್ಟೆ ಎತ್ತಿಬಿಟ್ಟೆ. ಗೋಡೆಗೆ ತಲೆ ಚಚ್ಚಿಕೊಂಡು ಅತ್ತ. ಆ್ಯಪ್ ತೆಗೆದು ಮತ್ತೆ ಹಾಕಿದೆ, ರೀಸ್ಟಾರ್ಟ್ ಮಾಡಿದೆ. ಅಂಗಡಿಯವರು ಅರ್ಧ ಗಂಟೆ ನೋಡಿ ಏನೂ ತೊಂದರೆ ಇಲ್ಲ ಅಂದರು. ಹೊಸದು ಕೊಳ್ಳೋ ಶಕ್ತಿ ಇಲ್ಲ.

ಕಿಂಡಿಹಲಗೆ
ಅಂಗೈ ತಾಗ್ತಿದೆ ಮೇಡಂ, ಬೇರೇನಲ್ಲ. ಕೀಗಾರ್ಡ್ ಹಾಕಿ. 3 ಮಿ.ಮೀ. ಅಕ್ರಿಲಿಕ್ ಹಾಳೆಯಲ್ಲಿ ಒಂದೊಂದು ಚಿತ್ರಕ್ಕೂ ಒಂದೊಂದು ಕಿಂಡಿ ಕೊರೆಸಿ. ಕೈ ಹಲಗೆ ಮೇಲೆ ಕೂರುತ್ತೆ, ಬೆರಳು ಮಾತ್ರ ಕಿಂಡಿಯೊಳಗೆ ಇಳಿಯುತ್ತೆ. ನೇಮ್ ಬೋರ್ಡ್ ಮಾಡೋ ಲೇಸರ್ ಅಂಗಡಿಯಲ್ಲೇ ಕೊರೆದು ಕೊಡ್ತಾರೆ. ಅಂಚು ಉಜ್ಜಿಸೋದು ಮರೀಬೇಡಿ, ಮಕ್ಕಳ ಬೆರಳು ಗೀರುತ್ತೆ.

ಐಪ್ಯಾಡ್_ಅಪ್ಪ
ಐಪ್ಯಾಡ್ ಆದ್ರೆ ಟಚ್ ಅಕಾಮಡೇಶನ್ಸ್‌ಗೆ ಹೋಗಿ ಹೋಲ್ಡ್ ಡ್ಯುರೇಶನ್ (ಬೆರಳು ಎಷ್ಟು ಹೊತ್ತು ಇಟ್ಟರೆ ಒತ್ತಿದ ಲೆಕ್ಕ ಅನ್ನೋದು) ಏರಿಸಿ, ಇಗ್ನೋರ್ ರಿಪೀಟ್ (ಬೆನ್ನುಬೆನ್ನಿಗೆ ತಾಗಿದ್ರೂ ಒಂದೇ ಸಲ ಅಂತ ಎಣಿಸೋದು) ಆನ್ ಮಾಡಿ. ಗೈಡೆಡ್ ಆಕ್ಸೆಸ್ ಹಾಕಿದ್ರೆ ಆ್ಯಪ್ ಬಿಟ್ಟು ಆಚೆನೂ ಹೋಗಲ್ಲ. ಈ ಗೈಡೆಡ್ ಆಕ್ಸೆಸ್ 2012ರಿಂದಲೇ ಇದೆ.

ಕಿಂಡಿಹಲಗೆ
ಸೆಟ್ಟಿಂಗ್‌ನಿಂದ ಆಗಲ್ಲ ಸರ್. ನನ್ನ ಮಗಳಿಗೂ ಹೀಗೇ ಇತ್ತು, ಕೀಗಾರ್ಡ್ ಹಾಕಿದ ಮೇಲೇ ನಿಂತಿದ್ದು.

ಹಾಸನದಮ್ಮ
ಐಪ್ಯಾಡ್ ಅಲ್ಲ, ಆಂಡ್ರಾಯ್ಡ್. ಅವನು ಮುಟ್ಟದೇ ಇದ್ದಾಗಲೂ ಕೂಗುತ್ತೆ ಅಂತ ಮೇಲೇ ಬರೆದಿದ್ದೀನಲ್ಲ.

ಊರಗೌಡ
ತಪ್ಪು ತಿಳೀಬೇಡಿ ಅಮ್ಮಾ, ಟ್ಯಾಬ್ ಕೊಟ್ಟರೆ ಮಗು ಬಾಯಿ ಬಿಡೋದೇ ನಿಲ್ಲಿಸುತ್ತೆ. ಮೊದಲು ಅದನ್ನ ಬಿಡಿಸಿ.

ಸ್ಪೀಚ್_ಮೈಸೂರು
ಇದಕ್ಕೆ ಉತ್ತರ ಕೊಡದೆ ಇರೋಕಾಗಲ್ಲ. ನಾನು ಸ್ಪೀಚ್ ಥೆರಪಿಸ್ಟ್. ಇಂಥ ಸಾಧನ ಕೊಟ್ಟರೆ ಮಾತು ನಿಲ್ಲುತ್ತೆ ಅನ್ನೋದನ್ನ ಸಂಶೋಧನೆ ಒಪ್ಪಲ್ಲ, ಕೆಲವು ಮಕ್ಕಳಿಗೆ ಮಾತು ಸ್ವಲ್ಪ ಹೆಚ್ಚಿದ್ದೇ ಕಂಡಿದೆ. ಕಾರ್ಟೂನ್ ನೋಡೋ ಟ್ಯಾಬ್ ಬೇರೆ, ಇದು ಬೇರೆ. ಇದು ಆ ಮಗುವಿನ ಬಾಯಿ. ಹಾಸನದಮ್ಮ ಅವರೇ, ರಿಪೇರಿ ಮುಗಿಯೋವರೆಗೂ ಅವನನ್ನ ಮೂಕ ಮಾಡಬೇಡಿ. ಈಗಿರೋ ಪುಟದ ಸ್ಕ್ರೀನ್‌ಶಾಟ್ ತೆಗೆದು, ಪ್ರಿಂಟ್ ಹಾಕಿಸಿ, ಲ್ಯಾಮಿನೇಟ್ ಮಾಡಿಸಿ. ಅವನು ಬೆರಳು ತೋರಿಸಲಿ, ನೀವು ಬಾಯಲ್ಲಿ ಹೇಳಿ. ಚಿತ್ರಗಳ ಜಾಗ ಮಾತ್ರ ಬದಲಾಯಿಸಬೇಡಿ, ಆ ಜಾಗ ಅವನ ಬೆರಳಿಗೆ ಬಾಯಿಪಾಠ ಆಗಿರುತ್ತೆ.

ರಿಪೇರಿಮೇಜು
ಅಂಗಡಿಯಲ್ಲಿ ಸರಿ, ಮನೆಯಲ್ಲಿ ತಪ್ಪು ಅಂದ್ರೆ ಮನೆಯಲ್ಲೇ ಏನೋ ಇದೆ. ಟ್ಯಾಬ್ ಚಾರ್ಜಿಗೆ ಹಾಕಿಕೊಂಡೇ ಬಳಸ್ತೀರಾ? ಚಾರ್ಜರ್ ಅದರ ಜೊತೆ ಬಂದದ್ದೇನಾ?

ಹಾಸನದಮ್ಮ
ಬ್ಯಾಟರಿ ನಿಲ್ಲಲ್ಲ, ದಿನವಿಡೀ ಹಾಕೇ ಇರ್ತೀವಿ. ಹಳೇದರ ವಯರ್ ಮಗ ಕಚ್ಚಿ ಹಾಳಾಯ್ತು. ದೀಪಾವಳಿ ಆದಮೇಲೆ ಬಸ್‌ಸ್ಟ್ಯಾಂಡ್ ಹತ್ತಿರ 120 ರೂಪಾಯಿಗೆ ಬೇರೆ ತಂದೆ. ಅದಕ್ಕೂ ಇದಕ್ಕೂ ಏನು ಸಂಬಂಧ ಸರ್?

ರಿಪೇರಿಮೇಜು
ಅದೇ ಸಂಬಂಧ. ಗಾಜಿನ ಕೆಳಗೆ ಸಣ್ಣ ವಿದ್ಯುತ್ ಗೆರೆಗಳ ಬಲೆ ಇರುತ್ತೆ. ಬೆರಳು ಹತ್ತಿರ ಬಂದಾಗ ಒಂಚೂರು ಚಾರ್ಜ್ ಬದಲಾಗುತ್ತೆ, ಅದನ್ನೇ ಟ್ಯಾಬ್ 'ಮುಟ್ಟಿದ್ರು' ಅಂತ ಎಣಿಸುತ್ತೆ. ಅಗ್ಗದ ಚಾರ್ಜರ್ ಒಳಗೆ ಸರಿಯಾದ ಫಿಲ್ಟರ್ ಇಲ್ಲದಿದ್ರೆ ಆ ಸಣ್ಣ ಬದಲಾವಣೆಗಿಂತ ಜಾಸ್ತಿ ವಿದ್ಯುತ್ ಗದ್ದಲ ವಯರ್‌ನಲ್ಲೇ ಬರುತ್ತೆ. ಆಗ ಇಲ್ಲದ ಬೆರಳು ಕಾಣಿಸುತ್ತೆ. ಎರಡು ಪರೀಕ್ಷೆ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ 7 ಸಲ ಒತ್ತಿದ್ರೆ ಡೆವಲಪರ್ ಆಪ್ಶನ್ಸ್ ಬರುತ್ತೆ, ಅದರಲ್ಲಿ 'ಶೋ ಟ್ಯಾಪ್ಸ್' ಆನ್ ಮಾಡಿ. ಮುಟ್ಟಿದ ಕಡೆ ಬಿಳಿ ಚುಕ್ಕಿ ಬೀಳುತ್ತೆ. ಚಾರ್ಜರ್ ಹಾಕಿ ಸುಮ್ಮನೆ ಮೇಜಿನ ಮೇಲಿಟ್ಟು ನೋಡಿ, ಆಮೇಲೆ ಕಿತ್ತು ನೋಡಿ. ಹಿಂಬದಿ ಲೋಹದ್ದಾದ್ರೆ ಮೆಲ್ಲಗೆ ಸವರಿ. ಜುಮ್ ಅಂದ್ರೆ ಆ ಚಾರ್ಜರನ್ನ ಮಗನ ಹತ್ತಿರ ಬಿಡಲೇಬೇಡಿ.

ಕಿಂಡಿಹಲಗೆ
ಎರಡೂ ಇರಬಹುದು. ಕೀಗಾರ್ಡ್ ಇದ್ದರೆ ನಷ್ಟವಂತೂ ಇಲ್ಲ.

ಐಪ್ಯಾಡ್_ಅಪ್ಪ
ನಮ್ಮಲ್ಲಿ ವೀಲ್‌ಚೇರ್‌ಗೆ ಕ್ಲಾಂಪ್ ಸ್ಟ್ಯಾಂಡ್, ಹೊರಗೆ ಬ್ಲೂಟೂತ್ ಸ್ಪೀಕರ್, ರಾತ್ರಿ ಮಾತ್ರ ಚಾರ್ಜು. ಮದುವೆ ಮನೆ ಗದ್ದಲದಲ್ಲೂ ಮಗನ ಮಾತು ಅಜ್ಜಿಗೆ ಕೇಳಿಸುತ್ತೆ. ಫೋಟೋ ಹಾಕ್ತೀನಿ.

ಹಾಸನದಮ್ಮ
ಈಗ ನೋಡಿದೆ. ಚಾರ್ಜರ್ ಹಾಕಿದಾಗ ಯಾರೂ ಮುಟ್ಟದೇ ಬಲಗಡೆ ಅಂಚಿನಲ್ಲಿ ಚುಕ್ಕಿ ಪಟಪಟ ಬೀಳ್ತವೆ, 'ಸಾಕು' ಇರೋದೇ ಅಲ್ಲಿ. ಕಿತ್ತರೆ ಒಂದೂ ಇಲ್ಲ. ಕೈಗೂ ಜುಮ್ ಅಂತು. ಎರಡು ವಾರ ಅವನು ಹಟ ಮಾಡ್ತಾನೆ ಅಂತ ನಾನೇ ಬೈದಿದ್ದೀನಿ. ಆದರೆ ಚಾರ್ಜರ್ ಕಿತ್ತ ಮೇಲೂ ಒಮ್ಮೊಮ್ಮೆ 'ನೀರು ನೀರು' ಅಂತ ಎರಡು ಸಲ ಬರುತ್ತೆ.

ರಿಪೇರಿಮೇಜು
ಅದು ಅವನದೇ ಬೆರಳು, ನಡುಕಕ್ಕೆ ಎರಡು ಸಲ ತಾಗುತ್ತೆ. ಜೊಲ್ಲು ಸುರಿದಿದ್ರೂ ಹಾಗಾಗುತ್ತೆ, ಗಾಜು ಒರೆಸ್ತಾ ಇರಿ. ಟ್ಯಾಬ್ ಯಾವ ಕಂಪನಿದು ಅಂತ ಇನ್ನೂ ಹೇಳಿಲ್ಲ ನೀವು. ಸ್ಯಾಮ್‌ಸಂಗ್ ಆದ್ರೆ ಆಕ್ಸೆಸಿಬಿಲಿಟಿಯಲ್ಲಿ 'ಇಗ್ನೋರ್ ರಿಪೀಟೆಡ್ ಟಚಸ್' ಇದೆ. ಅಷ್ಟು ಸಮಯದೊಳಗೆ ಮತ್ತೆ ತಾಗಿದ್ದನ್ನ ಅದು ಎಣಿಸಲ್ಲ. ಕಮ್ಮಿ ಸಮಯಕ್ಕೆ ಇಡಿ. ಜಾಸ್ತಿ ಇಟ್ಟರೆ ಅವನು ನಿಜವಾಗಿ ಎರಡನೇ ಸಲ ಕೇಳಿದ್ದೂ ಹೋಗಿಬಿಡುತ್ತೆ.

ಹಾಸನದಮ್ಮ
ಸ್ಯಾಮ್‌ಸಂಗೇ. ನಾಳೆ ಕಂಪನಿ ಚಾರ್ಜರ್ ತರ್ತೀನಿ. ಬ್ಯಾಟರಿ ಎರಡು ಗಂಟೆಗೆ ಖಾಲಿ ಆಗುತ್ತೆ, ಸ್ಕೂಲಿಗೆ ಹೇಗೆ ಕಳಿಸಲಿ? ಬ್ಯಾಟರಿ ಬದಲಾಯಿಸೋಕೆ ಎಷ್ಟಾಗಬಹುದು?

ಊರಗೌಡ
ಐಪ್ಯಾಡ್ ಅಪ್ಪನವರೇ, ಆ ಕ್ಲಾಂಪ್ ಸ್ಟ್ಯಾಂಡ್ ಎಲ್ಲಿ ಸಿಗುತ್ತೆ? ನನ್ನ ತಮ್ಮನ ಮಗಳಿಗೆ ಬೇಕಿತ್ತು.