ಬೆಳಗಿನ ಜಾವ ಮನೆಗೆ ನುಗ್ಗಿದರು, ಹುಡುಕುತ್ತಿದ್ದ ಆಸಾಮಿ ನಾವಲ್ಲ. ಈಗ ಯಾರನ್ನು ಕೇಳೋದು?

ಮೊದಲ ಮಹಡಿ ಬಾಡಿಗೆದಾರ ಬರೆದದ್ದು:

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಬಾಡಿಗೆಗೆ ಇದ್ದೇವೆ. ಏರಿಯಾ ಹೆಸರು, ಠಾಣೆ ಹೆಸರು ಇಲ್ಲಿ ಬರೆಯುವುದಿಲ್ಲ, ದಯವಿಟ್ಟು ಕೇಳಬೇಡಿ. ಮನೆಯಲ್ಲಿ ನಾನು, ಹೆಂಡತಿ, ಅಮ್ಮ, ಏಳನೇ ಕ್ಲಾಸಿನ ಮಗಳು. ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ನನ್ನ ಕೆಲಸ.

ಕಳೆದ ವಾರ ಬೆಳಗಿನ ಜಾವ ನಾಲ್ಕೂವರೆ ಸುಮಾರಿಗೆ ಬಾಗಿಲು ಬಡಿದರು. ಚಿಲಕ ತೆಗೆದದ್ದೇ ತಡ, ಆರೇಳು ಜನ ನನ್ನನ್ನು ತಳ್ಳಿಕೊಂಡೇ ಒಳಗೆ ಬಂದರು. ಇಬ್ಬರನ್ನು ಬಿಟ್ಟರೆ ಎಲ್ಲರೂ ಮಫ್ತಿ. ಒಬ್ಬರ ಕೈಯಲ್ಲಿ ಪಿಸ್ತೂಲು. ನೆಲದ ಕಡೆಗೇ ಹಿಡಿದಿದ್ದರು ಅನ್ನಿ, ಆದರೂ ಪಿಸ್ತೂಲು ಪಿಸ್ತೂಲೇ ಅಲ್ವಾ. "ಎಲ್ಲೋ ಅವನು?" ಅಂತ ಒಂದು ಹೆಸರು ಹೇಳಿದರು. ಆ ಹೆಸರಿನವರು ನಮ್ಮ ನೆಂಟರಲ್ಲೂ ಇಲ್ಲ, ಬೀದಿಯಲ್ಲೂ ಇಲ್ಲ.

ಮಂಚದ ಕೆಳಗೆ, ಬಚ್ಚಲು, ಅಟ್ಟ, ಎಲ್ಲ ನೋಡಿದರು. ಬೀರು ತೆಗೆಸಿ ಸೀರೆಗಳನ್ನು ಕೆಳಗೆ ಹಾಕಿದರು. ಅಮ್ಮನ ಮಾತ್ರೆ ಡಬ್ಬವನ್ನೂ ಸುರಿದರು. ಮಗಳು ಮಲಗಿದ್ದ ರೂಮಿಗೆ ಹೋಗಿ ಲೈಟ್ ಹಾಕಿ, ಹೊದಿಕೆ ಎಳೆದು ನೋಡಿದರು. ಮಹಿಳಾ ಪೊಲೀಸ್ ಒಬ್ಬರೂ ಇರಲಿಲ್ಲ.

ಆಧಾರ್, ಬಾಡಿಗೆ ಕರಾರು ತೋರಿಸಿದ ಮೇಲೆ ಒಬ್ಬರು ಇನ್ನೊಬ್ಬರಿಗೆ "ಇದು ಕ್ರಾಸ್ ಕಣೋ, ನಮಗೆ ಬೇಕಿದ್ದು ಮೇನ್" ಅಂದದ್ದು ಕೇಳಿಸಿತು. ಬೆಂಗಳೂರಿನ ಅಡ್ರೆಸ್ಸು ನಿಮಗೆ ಗೊತ್ತೇ ಇದೆ. ಕೊರಿಯರ್ ಹುಡುಗರೂ ದಿನಾ ತಪ್ಪು ಮನೆಗೆ ಬರುತ್ತಾರೆ. ಅವರು ಕನಿಷ್ಠ ಫೋನಾದರೂ ಮಾಡುತ್ತಾರೆ.

ಹೋಗುವಾಗ ಒಂದು ಮಾತೂ ಇಲ್ಲ. ಯಾವ ಕಾಗದವನ್ನೂ ಕೊಡಲಿಲ್ಲ, ಸಹಿಯನ್ನೂ ಹಾಕಿಸಿಕೊಳ್ಳಲಿಲ್ಲ. ನಮ್ಮ ಏರಿಯಾ ಠಾಣೆಗೆ ಹೋಗಿ ಕೇಳಿದರೆ "ನಮ್ಮವರು ಬಂದಿಲ್ಲ, ಬೇರೆ ಕಡೆಯವರು ಇರಬಹುದು" ಅಂದರು. ಇತ್ತ ಓನರ್ ಆಂಟಿ "ಮಗ ಫಾರಿನ್ನಿಂದ ಬರ್ತಾನೆ, ಮನೆ ಬೇಕಾಗುತ್ತೆ" ಅಂತ ಶುರು ಮಾಡಿದ್ದಾರೆ. ಅರ್ಥವಾಯಿತಲ್ಲ?

ದುಡ್ಡು ಕೇಳುತ್ತಿಲ್ಲ. ಬಂದವರು ಯಾರು, ಯಾರು ಕಳಿಸಿದ್ದು, ತಪ್ಪು ಮನೆ ಅಂತ ಯಾರಾದರೂ ಬರೆದು ಕೊಡುತ್ತಾರಾ? ಆ ಆಂಟಿಗೆ ತೋರಿಸಲು ಒಂದು ಕಾಗದ ಸಾಕು ನನಗೆ.

ರಾತ್ರಿಪಾಳಿ ಉತ್ತರ:

ಬಿಟ್ಟಾಕಿ ಗುರು. ಯಾರನ್ನೂ ಎತ್ತಿಕೊಂಡು ಹೋಗಿಲ್ಲ, ಹೊಡೆದಿಲ್ಲ. ಸುಮ್ನೆ ಕೆಣಕಿದರೆ ನಾಳೆ ನಿಮ್ಮ ಗಾಡಿಯನ್ನೇ ದಿನಾ ನಿಲ್ಲಿಸುತ್ತಾರೆ.

ಪಿಎಸ್ಐ ಅಕ್ಕ ಉತ್ತರ:

ನನ್ನ ತಮ್ಮ ಇಲಾಖೆಯಲ್ಲಿದ್ದಾನೆ, ಹಾಗಾಗಿ ಆ ಕಡೆಯದ್ದನ್ನೂ ಸ್ವಲ್ಪ ಹೇಳುತ್ತೇನೆ. ಬೆಳಗಿನ ಜಾವ ಹೋಗುವುದು ಯಾರಿಗೂ ಶೋಕಿಯಲ್ಲ. ರೌಡಿ ಮನೆಯಲ್ಲಿ ಸಿಗುವುದೇ ಆಗ. ಹತ್ತು ಗಂಟೆಗೆ ಹೋದರೆ ಬೀದಿ ತಿರುವಿನಲ್ಲೇ ಅವನಿಗೆ ಫೋನ್ ಹೋಗಿರುತ್ತದೆ. ದಿಂಬಿನ ಕೆಳಗೆ ಲಾಂಗ್ (ಉದ್ದನೆಯ ಮಚ್ಚು) ಇಟ್ಟುಕೊಂಡು ಮಲಗುವವನ ಮನೆಗೆ ಬರಿಗೈಯಲ್ಲಿ ಹೋಗಿ ಅಂದರೆ ಹೇಗೆ? ಮರುದಿನ ಪೇಪರಿನಲ್ಲಿ ಸಾಲಾಗಿ ಜೋಡಿಸಿದ ಮಚ್ಚುಗಳ ಫೋಟೋ ನೋಡಿ ನಾವೇ ಶಹಬ್ಬಾಸ್ ಅನ್ನುತ್ತೇವೆ. ಆದರೆ ಮಗುವಿನ ಹೊದಿಕೆ ಎಳೆದದ್ದು ತಪ್ಪೇ. ಅದರಲ್ಲಿ ಎರಡು ಮಾತಿಲ್ಲ.

ಹಳೇ ರೈಟರ್ ಉತ್ತರ:

ಬೆಂಗಳೂರಿನ ಠಾಣೆಗಳಲ್ಲಿ ಬಹಳ ವರ್ಷ ರೈಟರ್, ಅಂದರೆ ದಾಖಲೆ ಬರೆಯುವವನು, ಆಗಿದ್ದೆ, ಈಗ ಪಿಂಚಣಿ. ಈ ಪೋಸ್ಟ್ ಓದಿದವರಿಗೆಲ್ಲ ಪಿಸ್ತೂಲು ಕಾಣಿಸುತ್ತದೆ. ನನಗೆ ಕಂಡದ್ದು "ಯಾವ ಕಾಗದವನ್ನೂ ಕೊಡಲಿಲ್ಲ" ಅನ್ನುವ ಸಾಲು.

ಗಾಂಜಾ ಸಿಕ್ಕಿದ ಮನೆಯ ಮಹಜರ್ (ಸ್ಥಳದಲ್ಲೇ ಬರೆಯುವ ಶೋಧದ ವರದಿ) ನಾಲ್ಕು ಪುಟ ಇರುತ್ತದೆ. ಪಂಚರ, ಅಂದರೆ ಸಾಕ್ಷಿಗಳ ಸಹಿ, ತೂಕ, ಸೀಲು, ಚೌಕಬಂದಿ, ಎಲ್ಲ ಅಚ್ಚುಕಟ್ಟು. ಏನೂ ಸಿಗದ ಮನೆಯದ್ದನ್ನು ಬರೆಯುವವರೇ ಕಡಿಮೆ. ಬರೆದರೆ ತಪ್ಪು ಮನೆಗೆ ಹೋದದ್ದು ದಾಖಲೆಗೆ ಬರುತ್ತದೆ. ಬರೆಯದಿದ್ದರೆ ದಾಳಿಯೇ ನಡೆದಿಲ್ಲ. ನಿಮ್ಮ ಠಾಣೆಯವರು "ನಮ್ಮವರು ಬಂದಿಲ್ಲ" ಅಂದದ್ದು ಈ ಧೈರ್ಯದ ಮೇಲೆ.

ಕಾನೂನು ಹಾಗೆ ಹೇಳುವುದಿಲ್ಲ. 2024ರ ಜುಲೈ 1ರಿಂದ ಸಿಆರ್‌ಪಿಸಿ ಹೋಗಿ ಬಿಎನ್ಎಸ್ಎಸ್ ಬಂದಿದೆ, ಅಂದರೆ ಪೊಲೀಸರು, ಕೋರ್ಟು ಕೇಸು ನಡೆಸುವ ವಿಧಾನದ ಹಳೇ ಕಾನೂನಿನ ಜಾಗಕ್ಕೆ ಹೊಸದು. ನನ್ನ ಬಾಯಿಗೆ ಇನ್ನೂ ಹಳೇ ನಂಬರುಗಳೇ ಬರುತ್ತವೆ, ತಾಳಿ. ಹಳೇ 165ನೇ ಕಲಂ ಈಗ 185. ವಾರಂಟ್ ಇಲ್ಲದೆ ಮನೆ ಶೋಧಿಸುವ ಮೊದಲೇ ತನಿಖಾಧಿಕಾರಿ ಯಾಕೆ ಹೋಗುತ್ತಿದ್ದೇನೆ, ಏನನ್ನು ಹುಡುಕುತ್ತಿದ್ದೇನೆ ಅಂತ ಕೇಸ್ ಡೈರಿಯಲ್ಲಿ ಬರೆಯಬೇಕು. ಅದರ ಪ್ರತಿ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಮನೆಯಲ್ಲಿ ವಾಸವಿರುವವರು ಅರ್ಜಿ ಹಾಕಿದರೆ ಮ್ಯಾಜಿಸ್ಟ್ರೇಟರು ಅದರ ನಕಲನ್ನು ಪುಕ್ಕಟೆ ಕೊಡಬೇಕು. ವಾಸವಿರುವವರು ಅಂದರೆ ಬಾಡಿಗೆಯವರೂ ಸೇರಿ. ನಿಮಗೆ ಬೇಕಾದ ಕಾಗದ ಇದೇ.

ಹಳೇ 100 ಈಗ 103. ಅದೇ ಏರಿಯಾದ ಇಬ್ಬರು ಪಂಚರು ಎದುರಿಗಿರಬೇಕು. ನಿಮ್ಮನ್ನು ಹೊರಗೆ ಕಳಿಸಿ ಹುಡುಕುವಂತಿಲ್ಲ. ಜೊತೆಗೆ 105ನೇ ಕಲಂ ಹೊಸದು: ಶೋಧವನ್ನು ವಿಡಿಯೋ ಮಾಡಲೇಬೇಕು, ಮೊಬೈಲಿನಲ್ಲಾದರೂ ಸರಿ. ಇ-ಸಾಕ್ಷ್ಯ ಅಂತ ಆ್ಯಪ್ ಕೊಟ್ಟಿರುವುದು ಇದಕ್ಕೇ.

ಈಗ ಅವರು ಹೇಳುವುದು ಏನು ಗೊತ್ತಾ? "ನಾವು ಶೋಧಕ್ಕೆ ಹೋಗಿರಲಿಲ್ಲ, ಆರೋಪಿಯನ್ನು ಹಿಡಿಯಲು ಹೋಗಿದ್ದೆವು." ಅದಕ್ಕೆ ಬೇರೆ ಕಲಂ, 44. ಬಾಗಿಲು ಒಡೆಯುವ ಅಧಿಕಾರವೂ ಅದರಲ್ಲಿದೆ, ಆದರೆ ತಾವು ಯಾರು, ಯಾಕೆ ಬಂದಿದ್ದೇವೆ ಅಂತ ಹೇಳಿ, ಬಾಗಿಲು ತೆಗೆಯಲು ಕೇಳಿದ ಮೇಲೆಯೇ. ಅಟ್ಟ, ಮಂಚದ ಕೆಳಗೆ ನೋಡಿದ್ದನ್ನು ಆ ಲೆಕ್ಕಕ್ಕೆ ಸೇರಿಸಬಹುದು. ಮಾತ್ರೆ ಡಬ್ಬದಲ್ಲಿ ಯಾವ ರೌಡಿ ಅಡಗಿ ಕೂರುತ್ತಾನೆ? ಡಬ್ಬ ಸುರಿದ ಕೂಡಲೇ ಅದು ಶೋಧ. ದೂರಿನಲ್ಲಿ ಆ ಡಬ್ಬವನ್ನು ಮರೆಯದೆ ಬರೆಯಿರಿ.

ಪಿಎಸ್ಐ ಅಕ್ಕನವರಿಗೆ: ಪಿಸ್ತೂಲು ಒಯ್ದದ್ದಕ್ಕೆ ನನ್ನ ತಕರಾರಿಲ್ಲ ಮೇಡಂ. ಮಚ್ಚಿನೇಟು ತಿಂದವರ ಜೊತೆ ಕೆಲಸ ಮಾಡಿದ್ದೇನೆ. ಆದರೆ ಹಗಲು ಒಬ್ಬ ಪೇದೆ ಹೋಗಿ ಮನೆ ಗುರುತು ಹಿಡಿದು ಬರುವುದಕ್ಕೆ ಪಿಸ್ತೂಲು ಬೇಡ. ನಮ್ಮ ಕಾಲದಲ್ಲಿ ಮೊದಲು ಬೀಟ್ ಪೇದೆಯನ್ನು ಕೇಳುತ್ತಿದ್ದೆವು. ಈಗ ಟವರ್ ಲೊಕೇಶನ್ ನೋಡಿ ಹೊರಟುಬಿಡುತ್ತಾರೆ. ಟವರ್ ಒಂದು ಮನೆಯನ್ನು ತೋರಿಸುವುದಿಲ್ಲ, ಏರಿಯಾವನ್ನು ತೋರಿಸುತ್ತದೆ.

ಕೆಂಟಕಿ ಕನ್ನಡಿಗ ಉತ್ತರ:

ರೈಟರ್ ಸರ್ ಹೇಳಿದ್ದು ಓದಿ ನಮ್ಮೂರಿನ ಕಥೆ ನೆನಪಾಯಿತು. ನಾನಿರುವುದು ಅಮೆರಿಕದ ಲೂಯಿವಿಲ್. 2020ರ ಮಾರ್ಚ್ 13ರಂದು ಮಧ್ಯರಾತ್ರಿ ಕಳೆದ ಮೇಲೆ ಇಲ್ಲಿನ ಪೊಲೀಸರು ಬ್ರಿಯೋನಾ ಟೇಲರ್ ಅನ್ನುವ 26 ವರ್ಷದ ಹುಡುಗಿಯ ಮನೆ ಬಾಗಿಲು ಒಡೆದರು. ಡ್ರಗ್ಸ್ ಕೇಸಿನಲ್ಲಿ ಅವರಿಗೆ ಮುಖ್ಯವಾಗಿ ಬೇಕಿದ್ದವನು ಅವಳ ಹಳೇ ಗೆಳೆಯ, ಅವನು ಅಲ್ಲಿರಲೇ ಇಲ್ಲ. ಕಳ್ಳರು ಅಂದುಕೊಂಡು ಜೊತೆಗಿದ್ದ ಗೆಳೆಯ ಒಂದು ಗುಂಡು ಹಾರಿಸಿದ. ಪೊಲೀಸರು 32 ಹಾರಿಸಿದರು. ಅವಳು ಸತ್ತಳು. ಡ್ರಗ್ಸ್ ಸಿಗಲಿಲ್ಲ.

ಆಮೇಲೆ ಇಲಾಖೆ ಘಟನೆಯ ವರದಿ ಹೊರಗೆ ಬಿಟ್ಟಿತು. ಹೆಚ್ಚುಕಮ್ಮಿ ಖಾಲಿ ಹಾಳೆ. ಗಾಯ ಅನ್ನುವ ಕಡೆ "ಇಲ್ಲ". ಬಲವಂತದ ಪ್ರವೇಶ ಅನ್ನುವ ಕಡೆಯೂ "ಇಲ್ಲ". ನಗರಾಡಳಿತ ಕುಟುಂಬಕ್ಕೆ 1.2 ಕೋಟಿ ಡಾಲರ್ ಕೊಟ್ಟಿತು, ಬಾಗಿಲು ತಟ್ಟದೆ ನುಗ್ಗುವ ವಾರಂಟುಗಳನ್ನು ಇಲ್ಲಿ ನಿಷೇಧಿಸಿದರು. ಗುಂಡು ಹಾರಿಸಿದವರಲ್ಲಿ ಒಬ್ಬನಿಗೆ ಕೇಂದ್ರದ ಕೋರ್ಟಿನಲ್ಲಿ 33 ತಿಂಗಳ ಶಿಕ್ಷೆಯಾಯಿತು. ಅದೂ 2025ರಲ್ಲಿ.

ಲಾಯರ್ ಮೇಡಂ, ಮಲ್ಲೇಶ್ವರ ಉತ್ತರ:

ರೈಟರ್ ಸರ್ ಹೇಳಿದ ದಾರಿ ಸರಿ. ನಾನು ಕೆಟ್ಟ ಸುದ್ದಿಯನ್ನು ಮೊದಲು ಹೇಳಿಬಿಡುತ್ತೇನೆ.

ಶೋಧ ಕ್ರಮಬದ್ಧವಾಗಿರಲಿಲ್ಲ ಅಂದಮಾತ್ರಕ್ಕೆ ಪೊಲೀಸರಿಗೆ ದೊಡ್ಡ ನಷ್ಟವೇನೂ ಆಗುವುದಿಲ್ಲ. ಹಾಗೆ ಸಿಕ್ಕ ಸಾಕ್ಷ್ಯವನ್ನೂ ಕೋರ್ಟು ನೋಡಬಹುದು ಅಂತ ಪೂರಣ್ ಮಲ್ ಪ್ರಕರಣದಿಂದ, ಅಂದರೆ 1970ರ ದಶಕದಿಂದ, ಸುಪ್ರೀಂ ಕೋರ್ಟ್ ಹೇಳುತ್ತಾ ಬಂದಿದೆ. ಕ್ರಿಮಿನಲ್ ಕೇಸ್ ಹಾಕುತ್ತೇನೆ ಅಂದರೆ ಸರ್ಕಾರದ ಮಂಜೂರಾತಿ ಬೇಕು ಅನ್ನುತ್ತಾರೆ. ಬಿಎನ್ಎಸ್ಎಸ್ 218 ಒಂದು ಕಡೆ, ನಮ್ಮ ಕರ್ನಾಟಕ ಪೊಲೀಸ್ ಕಾಯ್ದೆಯ 170 ಇನ್ನೊಂದು ಕಡೆ. 2020ರಲ್ಲಿ ದೇವರಾಜ ಪ್ರಕರಣದಲ್ಲಿ, ಅದು ಕರ್ನಾಟಕದಿಂದಲೇ ಹೋದದ್ದು, ಕರ್ತವ್ಯ ಮಾಡುವಾಗ ಅತಿರೇಕ ಮಾಡಿದ್ದರೂ ಅದಕ್ಕೂ ಕರ್ತವ್ಯಕ್ಕೂ ಸಂಬಂಧವಿದ್ದರೆ ಮಂಜೂರಾತಿ ಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. ಈ ತೀರ್ಪು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಆದರೆ ಇರುವುದು ಅದೇ.

ಮನೆ ಶೋಧಕ್ಕೆ ಮಹಿಳಾ ಪೊಲೀಸ್ ಇರಲೇಬೇಕು ಅಂತ ನೇರವಾದ ಕಲಂ ಇಲ್ಲ. ಹೆಂಗಸರ ಮೈ ತಪಾಸಣೆಯನ್ನು ಮಾತ್ರ ಹೆಂಗಸರೇ ಮಾಡಬೇಕು. ಹಾಗಾಗಿ "ಮಹಿಳಾ ಪೊಲೀಸ್ ಇರಲಿಲ್ಲ" ಅಂತ ಬರೆದು ನಿಲ್ಲಿಸಬೇಡಿ. ಮಗಳ ಹೊದಿಕೆ ಎಳೆದರು, ಅವಳ ವಯಸ್ಸು ಇಷ್ಟು ಅಂತ ಬರೆಯಿರಿ.

ಇನ್ನು ನಿಮಗಿರುವ ಬಲ. 1962ರಲ್ಲೇ ಖರಕ್ ಸಿಂಗ್ ಪ್ರಕರಣದಲ್ಲಿ, ನಿಗಾದ ಹೆಸರಿನಲ್ಲಿ ರಾತ್ರಿ ಹೊತ್ತು ಮನೆ ಬಾಗಿಲು ಬಡಿಯುವ ನಿಯಮವನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತ್ತು. 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದರಲ್ಲ, ಆ ಕೇಸಿನ ಅರ್ಜಿದಾರ ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿದ್ದವರು. ರಾಜ್ಯ ಪೊಲೀಸ್ ದೂರು ಪ್ರಾಧಿಕಾರ ಇದೆ. 2006ರ ಪ್ರಕಾಶ್ ಸಿಂಗ್ ತೀರ್ಪು ಇಂಥ ಪ್ರಾಧಿಕಾರ ಎಲ್ಲ ರಾಜ್ಯಗಳಲ್ಲೂ ಇರಬೇಕು ಅಂದಿತ್ತು. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೂ ಬರೆಯಬಹುದು, ಆದರೆ ಒಂದು ವರ್ಷದೊಳಗೆ. ಆಯೋಗ ಶಿಫಾರಸು ಮಾಡುತ್ತದೆ ಅಷ್ಟೇ, ಆದೇಶ ಮಾಡುವುದಿಲ್ಲ.

ಇವತ್ತೇ ಮಾಡಬೇಕಾದ ಕೆಲಸ ಒಂದಿದೆ. ಓನರ್ ಮನೆಯಲ್ಲೋ ಎದುರು ಮನೆಯಲ್ಲೋ ಕ್ಯಾಮೆರಾ ಇದೆಯಾ? ಡಿವಿಆರ್ (ಕ್ಯಾಮೆರಾದ ರೆಕಾರ್ಡರ್ ಪೆಟ್ಟಿಗೆ) ತುಂಬಿದರೆ ಹಳೆಯದನ್ನು ಅಳಿಸಿಕೊಂಡು ಹೋಗುತ್ತದೆ. ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ, ಡಿವಿಆರ್ ಮುಟ್ಟಬೇಡಿ. ವಿಡಿಯೋವನ್ನು ಕೋರ್ಟಿಗೆ ಕೊಡುವಾಗ ಬೇಕಾಗುವ ಪ್ರಮಾಣಪತ್ರದ ವಿಷಯ ಆಮೇಲೆ ನೋಡೋಣ. ಓದುತ್ತಿರುವ ಬೇರೆಯವರಿಗೂ ಒಂದು ಮಾತು: ಮಫ್ತಿಯಲ್ಲಿ ಯಾರಾದರೂ ಬಂದರೆ ಬಾಗಿಲು ತೆಗೆಯುವ ಮೊದಲೇ 112ಕ್ಕೆ ಫೋನ್ ಮಾಡಿ, ನಿಜವಾದ ಪೊಲೀಸರಾ ಅಂತ ಕೇಳಿ. ಪೊಲೀಸ್ ವೇಷದ ದರೋಡೆಕೋರರೂ ಇದ್ದಾರೆ. ಆ ಕರೆ ಎಷ್ಟು ಗಂಟೆಗೆ ಬಂತು ಅನ್ನುವುದು ಕಂಟ್ರೋಲ್ ರೂಮಿನಲ್ಲಿ ದಾಖಲಾಗಿ ಉಳಿಯುತ್ತದೆ.

ಮೊದಲ ಮಹಡಿ ಬಾಡಿಗೆದಾರ ಉತ್ತರ:

ಎಲ್ಲರಿಗೂ ಥ್ಯಾಂಕ್ಸ್. ಎದುರಿನ ಪ್ರಾವಿಷನ್ ಸ್ಟೋರಿನವರ ಹತ್ತಿರ ಕ್ಯಾಮೆರಾ ಇತ್ತು. ಎರಡು ಗಾಡಿ ಕಾಣಿಸುತ್ತವೆ, ಒಂದರ ನಂಬರ್ ಓದಬಹುದು. ಓನರ್ ಆಂಟಿಯ ಕ್ಯಾಮೆರಾ "ರಿಪೇರಿ"ಯಂತೆ. ಹೆಂಡತಿ ದೂರು ಬೇಡ ಅನ್ನುತ್ತಿದ್ದಾಳೆ, ಅಮ್ಮ ಕೊಡಲೇಬೇಕು ಅನ್ನುತ್ತಿದ್ದಾರೆ. ಮೊದಲು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ನಕಲಿನ ಅರ್ಜಿ ಹಾಕುತ್ತೇನೆ. ರೈಟರ್ ಸರ್, ಅಲ್ಲಿ ನಮ್ಮ ಮನೆಯ ಕಾಗದವೇ ಬಂದಿಲ್ಲ ಅಂದರೆ?

ಹಳೇ ರೈಟರ್ ಉತ್ತರ:

ಬಂದಿಲ್ಲ ಅಂತಲೇ ಹಿಂಬರಹ ಕೇಳಿ. ಅದೇ ನಿಮ್ಮ ದೂರಿನ ಮೊದಲ ದಾಖಲೆ. ಆಮೇಲೆ ಗಾಡಿ ನಂಬರ್ ಹಾಕಿ ಡಿಸಿಪಿ ಕಚೇರಿಗೆ ಬರೆಯಿರಿ, ಪ್ರಾಧಿಕಾರಕ್ಕೂ ಒಂದು ಪ್ರತಿ. ಪೊಲೀಸ್ ಗಾಡಿಗೆ ಲಾಗ್ ಪುಸ್ತಕ ಇರುತ್ತದೆ. ಆ ದಿನ ಎಲ್ಲಿಂದ ಎಲ್ಲಿಗೆ, ಎಷ್ಟು ಕಿಲೋಮೀಟರ್ ಅಂತ ಡ್ರೈವರ್ ಬರೆದಿರುತ್ತಾನೆ. ಮಹಜರ್ ಬರೆಯದವರೂ ಡೀಸೆಲ್ ಲೆಕ್ಕ ಬರೆದಿರುತ್ತಾರೆ. ಎಲ್ಲಿ ಕೊಟ್ಟರೂ ಟಪಾಲು ಸೆಕ್ಷನ್ನಿನಲ್ಲಿ ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಂಡು ಬನ್ನಿ. ಊಟದ ಹೊತ್ತಿಗೆ ಹೋಗಬೇಡಿ, ಹನ್ನೊಂದರೊಳಗೆ ಹೋಗಿ.